ನರ್ಸಿಂಗ್ ಸೀಟು ಮತ್ತು ಹಳೇ ಫೈಲು: ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ "ಧಾರವಾಡಕ್ಕ ಹೋಗಿ ಬಂದಾಳ" ಅಂದರೆ ಪೇಡಾ ತರಲು ಹೋಗಿದ್ದಳು ಅಂತ ಯಾರೂ ತಿಳಿಯುವುದಿಲ್ಲ. ನಾನು ಹಾಗೆ ಹೋಗಿ ಬಂದವಳು. ಸೆಕೆಂಡ್ ಪಿಯುಸಿಯಲ್ಲಿ ಹತ್ತು ಹದಿನೈದು ದಿನ ನಿದ್ದೆಯೇ ಇಲ್ಲದೆ ಓಡಾಡಿದೆ. ಆಮೇಲೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಊರಲ್ಲಿ ಗಾಳಿ ಹಿಡಿದಿದೆ ಅಂದರು, ತಾಯಿತ ಕಟ್ಟಿದರು. ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಇದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪೂರ್ತಿ ಕುಗ್ಗುವ ಕಾಯಿಲೆ, ಅಂತ ಗೊತ್ತಾಯಿತು. ಒಂದು ವರ್ಷ ಹೋಯಿತು. ಮರುವರ್ಷ ಪರೀಕ್ಷೆ ಬರೆದೆ, ನರ್ಸಿಂಗ್ ಸೇರಿದೆ. ಈಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಾತ್ರೆ ಈಗಲೂ ತಗೊಳ್ಳುತ್ತೇನೆ.

ರಿಸಲ್ಟ್ ಬಂತೆಂದರೆ ಯಾರಾದರೂ ಒಬ್ಬ ತಾಯಿ ಮಗಳನ್ನು ಕರಕೊಂಡು ಸಂಜೆ ಹೊತ್ತಿನಲ್ಲಿ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಫಾರ್ಮ್‌ನ್ಯಾಗ ಅದನ್ನ ಬರೀಬೇಕೇನ್ರಿ?"

ನನ್ನ ಉತ್ತರ ಒಂದೇ. ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ, ಕೇಳದ್ದನ್ನು ಸಾರಿಕೊಂಡು ಹೋಗಬೇಡಿ. ಆದರೆ ಆ ಪ್ರಶ್ನೆ ಬರುವುದು ತಡವಾಗಿ. ಅದಕ್ಕಿಂತ ಮೊದಲು ಮಾಡಬೇಕಾದ್ದು ಜಾಸ್ತಿ ಇದೆ.

ಮೊದಲನೇ ಹೆಜ್ಜೆ: ಈ ವರ್ಷವಾ, ಮುಂದಿನ ವರ್ಷವಾ?

ಇದನ್ನು ಅಪ್ಪ ಅಮ್ಮ ತೀರ್ಮಾನಿಸುವುದಲ್ಲ, ನೀವೊಬ್ಬರೇ ತೀರ್ಮಾನಿಸುವುದೂ ಅಲ್ಲ. ನಿಮ್ಮನ್ನು ನೋಡುತ್ತಿರುವ ಡಾಕ್ಟರ್ ಹತ್ತಿರ ಹೋಗಿ ನೇರವಾಗಿ ಕೇಳಿ. "ನಾನು ಓದಬಹುದಾ" ಅಂತ ಕೇಳಿದರೆ ಓದಮ್ಮ ಅಂತ ಹೇಳಿ ಕಳಿಸುತ್ತಾರೆ, ಅಷ್ಟೇ. ಹೀಗೆ ಕೇಳಿ: ಬೆಳಿಗ್ಗೆ ಆರಕ್ಕೆ ಎದ್ದು ವಾರ್ಡಿಗೆ ಹೋಗಬೇಕು, ಐದಾರು ತಾಸು ನಿಂತೇ ಕೆಲಸ, ಮಧ್ಯಾಹ್ನ ಕ್ಲಾಸು, ವಾರಕ್ಕೆ 40 ತಾಸು, ಮುಂದೆ ನೈಟ್ ಡ್ಯೂಟಿ, ಕಣ್ಣೆದುರೇ ರೋಗಿ ಸಾಯುವುದನ್ನೂ ನೋಡಬೇಕಾಗುತ್ತದೆ. ಈಗಿನ ಮಾತ್ರೆ ಇಟ್ಟುಕೊಂಡು ಇದು ಆಗುತ್ತದಾ? ಬದಲಿಸುವುದಿದ್ದರೆ ಈಗಲೇ ಬದಲಿಸಬಹುದಾ?

ಕಡೆಯ ಪ್ರಶ್ನೆ ಮುಖ್ಯ. ಒಲಾಂಜಪಿನ್, ಕ್ವೆಟಿಯಪಿನ್ ತರದ ಮಾತ್ರೆ ರಾತ್ರಿ ಹತ್ತಕ್ಕೆ ತಗೊಂಡರೆ ಕೆಲವರಿಗೆ ಬೆಳಿಗ್ಗೆ ಎಂಟಾದರೂ ತಲೆ ಭಾರ. ಕಾಲೇಜು ಸೇರಿದ ಮೊದಲ ವಾರದಲ್ಲಿ ಅದನ್ನು ಕಂಡುಕೊಳ್ಳುವುದು ಬೇಡ. ಮನೆಯಲ್ಲೇ ಒಂದು ತಿಂಗಳು ಐದೂವರೆಗೆ ಎದ್ದು ನೋಡಿ. ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಬೇಕಾ ಅಂತ ಡಾಕ್ಟರೇ ಹೇಳುತ್ತಾರೆ. ಅಡ್ಮಿಷನ್ ಹತ್ತಿರ ಬಂತು, "ಇನ್ನು ಗುಣ ಆಗೈತಿ" ಅಂತ ಮಾತ್ರೆ ಬಿಡಿಸುವ ಮನೆಗಳನ್ನು ನೋಡಿದ್ದೇನೆ. ಅದರಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥವನ್ನು ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ಚಡಪಡಿಕೆ ಶುರುವಾಗುತ್ತದೆ. ಕಾಯಿಲೆ ಮರಳುವುದು ಬೇರೆ.

ಹೋದ ಆರು ತಿಂಗಳಲ್ಲಿ ದೊಡ್ಡ ಏರುಪೇರು ಆಗಿದ್ದರೆ ಒಂದು ವರ್ಷ ತಡೆಯಿರಿ ಎನ್ನುವುದು ನನ್ನ ಅಭಿಪ್ರಾಯ. ಇದು ಕಾನೂನಲ್ಲ, ಅನುಭವ. ಸೀಟು ಮುಂದಿನ ವರ್ಷವೂ ಇರುತ್ತದೆ.

ಎರಡನೇ ಹೆಜ್ಜೆ: ಯಾವ ಕೋರ್ಸು

ಬಿಎಸ್ಸಿ ನರ್ಸಿಂಗ್ 4 ವರ್ಷ. ಪಿಯುಸಿ ಸೈನ್ಸಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 45% ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 40%. ಇಂಗ್ಲಿಷ್ ಪಾಸಾಗಿರಬೇಕು, ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಜಿಎನ್ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್ವೈಫರಿ) 3 ವರ್ಷದ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಓದಿದವರೂ 40% ಇದ್ದರೆ ಸೇರಬಹುದು. ಕಾಯಿಲೆಯ ವರ್ಷದಲ್ಲಿ ಮಾರ್ಕ್ಸ್ ಕುಸಿದಿದ್ದರೆ ಜಿಎನ್ಎಂ ಮುಗಿಸಿ, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವ ದಾರಿ ಇದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ನಮ್ಮ ಐಸಿಯು ಇನ್‌ಚಾರ್ಜ್ ಸಿಸ್ಟರ್ ಕೂಡ ಹಾಗೇ ಬಂದವರು.

ಪಿಯುಸಿ ಒಂದು ವರ್ಷ ತಪ್ಪಿದ್ದರೆ ಕಾಲೇಜಿನವರು ಗ್ಯಾಪ್ ಅಫಿಡವಿಟ್ ಕೇಳಬಹುದು. ಕೋರ್ಟ್ ಹತ್ತಿರದ ನೋಟರಿಯಿಂದ ಮಾಡಿಸಿ. ಅದರಲ್ಲಿ "ಆರೋಗ್ಯದ ಕಾರಣದಿಂದ ಈ ಅವಧಿಯಲ್ಲಿ ಓದು ಮುಂದುವರಿಸಲು ಆಗಲಿಲ್ಲ, ಬೇರೆ ಯಾವ ಕೋರ್ಸಿಗೂ ಸೇರಿರಲಿಲ್ಲ" ಅಂತ ಬರೆಸಿದರೆ ಸಾಕು. ಇದು ಸತ್ಯವೂ ಹೌದು, ಸಾಕಷ್ಟೂ ಹೌದು. ಟೈಪ್ ಮಾಡುವವನು "ಏನ್ ಕಾಯಿಲೆ?" ಅಂತ ಕೇಳಿದರೆ ಅವನಿಗೆ ಉತ್ತರ ಕೊಡಬೇಕಿಲ್ಲ.

ಮೂರನೇ ಹೆಜ್ಜೆ: ಫೈಲು ಮನೆಯಲ್ಲಿಡಿ, ಒಂದು ಪತ್ರ ಮಾಡಿಸಿ

ಇಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇನೆ. ನಮ್ಮಪ್ಪ ಸಾಚಾ ಮನುಷ್ಯ. ನಾವು ಮೊದಲು ಹೋದ ಕಾಲೇಜಿನ ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡ್ ಕೊಡಿ ಅಂದಾಗ, ಪ್ಲಾಸ್ಟಿಕ್ ಚೀಲದಲ್ಲಿದ್ದ ಎಲ್ಲ ಕಾಗದವನ್ನೂ ಟೇಬಲ್ ಮೇಲೆ ಸುರಿದರು. ಮಾರ್ಕ್ಸ್ ಕಾರ್ಡ್ ಅಡಿಯಲ್ಲಿ ಡಿಸ್ಚಾರ್ಜ್ ಸಮ್ಮರಿ ಇತ್ತು. ಗುಮಾಸ್ತ ಅದನ್ನೇ ಎತ್ತಿಕೊಂಡ. ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಹಾಳೆ ತಿರುವಿದ. ಪಕ್ಕದ ಟೇಬಲ್ಲಿಗೆ ಕೇಳುವ ಹಾಗೆ, "ಈ ಹುಡುಗಿದು ಬ್ಯಾರೆ ಏನೋ ಐತಿ ನೋಡ್ರಿ" ಅಂದ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಸೀಟು ತುಂಬಿದೆ ಅಂತ ಹೇಳಿ ಕಳಿಸಿದರು. ಮರುದಿನ ನಮ್ಮೂರಿನ ಇನ್ನೊಬ್ಬ ಹುಡುಗಿಗೆ ಅಲ್ಲೇ ಸೀಟು ಸಿಕ್ಕಿತು.

ಡಿಸ್ಚಾರ್ಜ್ ಸಮ್ಮರಿ ನಿಮ್ಮ ಕೆಟ್ಟ ದಿನದ ಫೋಟೊ ಇದ್ದ ಹಾಗೆ. ಅದರಲ್ಲಿ ಬೈದಾಡಿದ್ದು, ಊಟ ಬಿಟ್ಟದ್ದು, ಬಟ್ಟೆ ಹರಿದುಕೊಂಡದ್ದು ಎಲ್ಲಾ ಇರುತ್ತದೆ. ಇವತ್ತು ನೀವು ಹೇಗಿದ್ದೀರಿ ಅನ್ನುವುದು ಇರುವುದಿಲ್ಲ. ಹಾಗಾಗಿ ಫೈಲನ್ನು ಕಾಲೇಜಿಗೆ ಒಯ್ಯಬೇಡಿ. ಆದರೆ ನಿಮ್ಮ ಹತ್ತಿರ ಅದು ಇರಲೇಬೇಕು. ಕಳೆದಿದ್ದರೆ ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನಿಮ್ಮ ಮೂಲಭೂತ ವೈದ್ಯಕೀಯ ದಾಖಲೆ ಕೇಳುವ ಹಕ್ಕು ನಿಮಗಿದೆ.

ಫೈಲಿನ ಬದಲು ನಿಮ್ಮ ಮನೋವೈದ್ಯರಿಂದ ಲೆಟರ್‌ಹೆಡ್ ಮೇಲೆ ಒಂದೇ ಪುಟದ ಪತ್ರ ತಗೊಳ್ಳಿ. ತಾರೀಖು, ಸಹಿ, ಸೀಲು, ವೈದ್ಯರ ನೋಂದಣಿ ಸಂಖ್ಯೆ ಇರಲಿ. ಒಪಿಡಿ ರಶ್ಶಿನಲ್ಲಿ ಡಾಕ್ಟರಿಗೆ ಹೊತ್ತಿರುವುದಿಲ್ಲ, ಆದ್ದರಿಂದ ಒಕ್ಕಣೆ ನೀವೇ ಬರೆದುಕೊಂಡು ಹೋಗಿ. ಸುಮಾರು ಹೀಗೆ:

"ಇವರು ಇಂಥ ವರ್ಷದಿಂದ ನನ್ನ ಚಿಕಿತ್ಸೆಯಲ್ಲಿದ್ದಾರೆ. ತಪ್ಪದೆ ತಪಾಸಣೆಗೆ ಬರುತ್ತಾರೆ, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಾರೆ. ಇಷ್ಟು ತಿಂಗಳಿಂದ ಆರೋಗ್ಯ ಸ್ಥಿರವಾಗಿದೆ. ಇಂದು ಪರೀಕ್ಷಿಸಿದಂತೆ ನರ್ಸಿಂಗ್ ಕೋರ್ಸಿನ ತರಗತಿ ಹಾಗೂ ವಾರ್ಡ್ ಕೆಲಸಕ್ಕೆ ಸಮರ್ಥರಿದ್ದಾರೆ. ಇಷ್ಟು ತಿಂಗಳಿಗೊಮ್ಮೆ ತಪಾಸಣೆಗೆ ಒಂದು ದಿನದ ರಜೆ ಬೇಕಾಗುತ್ತದೆ."

ಕಾಯಿಲೆಯ ಹೆಸರು ಹಾಕಲೇಬೇಕು ಅಂತಿಲ್ಲ. ನಾಲ್ಕು ಪ್ರತಿ ಒರಿಜಿನಲ್ ಸಹಿ ಮಾಡಿಸಿಕೊಳ್ಳಿ. ತೀರಾ ಮೊದಲೇ ಮಾಡಿಸಬೇಡಿ, ಮೂರು ತಿಂಗಳಿಗಿಂತ ಹಳೇ ಪತ್ರವನ್ನು ಯಾರೂ ಒಪ್ಪುವುದಿಲ್ಲ.

ಧಾರವಾಡಕ್ಕೆ ಹೋಗುವುದು ದೂರ ಆಗುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ವೈದ್ಯರು ಬರುತ್ತಾರೆ. ಮನೋಚೈತನ್ಯ ಅಂತ ಅದಕ್ಕೆ ಹೆಸರು, ದಿನ ಮಂಗಳವಾರ. ಆದರೆ ನಿಮ್ಮನ್ನು ಮೊದಲ ಸಲ ನೋಡುವವರು ಆವತ್ತೇ ಇಂಥ ಪತ್ರ ಕೊಡಲಾರರು. ಎರಡು ಮೂರು ಸಲ ಹೋಗಿ ಬನ್ನಿ.

ನಾಲ್ಕನೇ ಹೆಜ್ಜೆ: ಸಿಇಟಿ ಮತ್ತು ಆಪ್ಷನ್ ಎಂಟ್ರಿ

ನಾನು ಸೇರುವಾಗ ಬಿಎಸ್ಸಿ ನರ್ಸಿಂಗಿಗೆ ಸಿಇಟಿ ಬರೆಯಬೇಕಿರಲಿಲ್ಲ. 2023ರಿಂದ ಬರೆಯಬೇಕು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಅರ್ಜಿ. ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯ ವಿದ್ಯಾರ್ಥಿ ಸಂಖ್ಯೆ), ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ವ್ಯಾಸಂಗ ಪ್ರಮಾಣಪತ್ರ ಇವೆಲ್ಲ ಎಲ್ಲರಿಗೂ ಇದ್ದದ್ದೇ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದೂ ಕೋಟಾ. ಎರಡನ್ನೂ ಬಿಡಬೇಡಿ. 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಮೀಸಲಾತಿ, ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರು ಜಿಲ್ಲೆಗೂ ಇಲ್ಲ. ಪಕ್ಕದ ಯಾದಗಿರಿಗೆ ಇದೆ, ವಿಜಯಪುರಕ್ಕಿಲ್ಲ. ಅದರ ಬಗ್ಗೆ ನಮ್ಮವರ ಗೊಣಗಾಟ ಇನ್ನೊಂದು ಪುರಾಣ.

ಈ ಅರ್ಜಿಯಲ್ಲಿ ಮಾನಸಿಕ ಕಾಯಿಲೆ ಇತ್ತಾ ಅಂತ ಕೇಳುವುದಿಲ್ಲ. ವಿಕಲಚೇತನರ ಕೋಟಾ ಬೇಕಾ ಅಂತ ಮಾತ್ರ ಕೇಳುತ್ತಾರೆ. ಇಲ್ಲಿ ಸ್ವಲ್ಪ ಹುಷಾರು. 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು, ನಿಜ. 40% ಮೇಲಿದ್ದರೆ ಉನ್ನತ ಶಿಕ್ಷಣದಲ್ಲಿ ಮೀಸಲಾತಿ ಅಂತ ಅದರಲ್ಲಿದೆ, ಅದೂ ನಿಜ. ಆದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರವೇಶ ನಿಯಮ ಈ ಸೀಟುಗಳನ್ನು ಕಾಲಿನ ಚಲನೆಯ 40ರಿಂದ 50% ನ್ಯೂನತೆ ಇದ್ದವರಿಗೆ ಅಂತ ಇಟ್ಟಿದೆ. ಸೀಟಿನ ಆಸೆಗೆ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಮಾಡಿಸಿ ಇಲ್ಲಿ ತೋರಿಸಿದರೆ ಕೋಟಾ ಸಿಗದೆ ಗುಟ್ಟು ಮಾತ್ರ ಬಯಲಾಗಬಹುದು. ಕಾರ್ಡು ಬೇರೆ ಸೌಲಭ್ಯಕ್ಕೆ ಬೇಕಿದ್ದರೆ ಮಾಡಿಸಿ, ಬೇಡ ಅನ್ನುವುದಿಲ್ಲ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವಾಗ, ಉಳಿದವರು ಕಾಲೇಜಿನ ಹೆಸರು ನೋಡುತ್ತಾರೆ. ನೀವು ನಕಾಶೆಯನ್ನೂ ನೋಡಿ. ಬೆಳಗಾವಿಯಿಂದ ಧಾರವಾಡ ಒಂದೂವರೆ ಎರಡು ತಾಸು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ವಿಜಯಪುರದಿಂದ ಹೋದರೆ ದಿನವೇ ಹೋಯಿತು. ಮೂರೂ ಊರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ: ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಬಿವಿವಿ ಸಂಘದ್ದು. ಇಂಥ ಕ್ಯಾಂಪಸ್ಸಿನಲ್ಲಿ ಮನೋವೈದ್ಯ ವಿಭಾಗ ಹತ್ತಿರದಲ್ಲೇ ಇರುತ್ತದೆ, ಅದು ಅನುಕೂಲ. ಅದೇ ಕಾರಿಡಾರಿನಲ್ಲಿ ನಿಮ್ಮ ಟೀಚರ್ರೂ ಓಡಾಡುತ್ತಾರೆ, ಅದು ಅನಾನುಕೂಲ. ನಾನು ಕಾಲೇಜು ಒಂದು ಕಡೆ, ಡಾಕ್ಟರ್ ಇನ್ನೊಂದು ಕಡೆ ಇಟ್ಟುಕೊಂಡೆ.

ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಒಪ್ಪಿದೆ, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದಿರಲಿ, ಇದಕ್ಕಿಂತ ಒಳ್ಳೆಯದು ಸಿಕ್ಕರೆ ನೋಡೋಣ. ಮನೆ ಮತ್ತು ಡಾಕ್ಟರ್ ಹತ್ತಿರದ ಕಾಲೇಜು ಸಿಕ್ಕಿದ್ದರೆ ಬೆಂಗಳೂರಿನ ಆಸೆಗೆ ಚಾಯ್ಸ್ 2 ಒತ್ತಬೇಡಿ ಅಂತ ನಾನು ಹೇಳುತ್ತೇನೆ. ಮ್ಯಾನೇಜ್‌ಮೆಂಟ್ ಸೀಟಾದರೆ ದುಡ್ಡು ಕಟ್ಟುವ ಮೊದಲು ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯಾ, ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯಾ ನೋಡಿ. ಏಜೆಂಟರ ಮಾತು ನಂಬಬೇಡಿ.

ಐದನೇ ಹೆಜ್ಜೆ: ಫಿಟ್‌ನೆಸ್ ಸರ್ಟಿಫಿಕೇಟ್

ಎಲ್ಲರೂ ಹೆದರುವ ಕಾಗದ ಇದೇ. ನರ್ಸಿಂಗ್ ಪ್ರವೇಶಕ್ಕೆ ವೈದ್ಯಕೀಯವಾಗಿ ಸದೃಢ ಇರಬೇಕು ಅಂತ ನಿಯಮ. ಕಾಲೇಜು ಒಂದು ಫಾರ್ಮ್ ಕೊಡುತ್ತದೆ, ಎಂಬಿಬಿಎಸ್ ಡಾಕ್ಟರ್ ತುಂಬಿ ಸಹಿ ಹಾಕಬೇಕು. ತೂಕ, ಎತ್ತರ, ಕಣ್ಣು, ಬಿಪಿ, ಲಸಿಕೆ. ಕೆಲವು ಕಾಲೇಜಿನದರಲ್ಲಿ ಫಿಟ್ಸ್, ಮಾನಸಿಕ ಕಾಯಿಲೆ ಅಂತ ಒಂದು ಸಾಲು ಇರುತ್ತದೆ.

ಪ್ರಶ್ನೆಯನ್ನು ಎರಡು ಸಲ ಓದಿ. "ಈಗ ಕೆಲಸಕ್ಕೆ ಅಡ್ಡಿಯಾಗುವ ಕಾಯಿಲೆ ಇದೆಯಾ" ಅನ್ನುವುದೇ ಬೇರೆ, "ಹಿಂದೆ ಯಾವತ್ತಾದರೂ ಚಿಕಿತ್ಸೆ ಪಡೆದಿದ್ದೀರಾ" ಅನ್ನುವುದೇ ಬೇರೆ. ಮೊದಲನೆಯದಕ್ಕೆ, ನಿಮ್ಮ ಮನೋವೈದ್ಯರೇ ಸಮರ್ಥ ಅಂದಿದ್ದರೆ, ಇಲ್ಲ ಅನ್ನುವುದೇ ನಿಜವಾದ ಉತ್ತರ. ಎರಡನೆಯದಕ್ಕೆ ಹೌದು ಅಂತಲೇ ಬರೆಯಬೇಕು. "ಹೌದು, ಚಿಕಿತ್ಸೆಯಲ್ಲಿದ್ದೇನೆ, ಸ್ಥಿರವಾಗಿದ್ದೇನೆ, ವೈದ್ಯರ ಪತ್ರ ಲಗತ್ತಿಸಿದೆ." ಅಷ್ಟೇ, ಕತೆ ಬೇಡ. ಅಂಥ ಸಾಲೇ ಇಲ್ಲದಿದ್ದರೆ ಪತ್ರ ಚೀಲದಲ್ಲೇ ಇರಲಿ.

ಸುಳ್ಳು ಬರೆದರೆ ಏನಾಗುತ್ತದೆ? ಮೊದಲ ವರ್ಷ ಏನೂ ಆಗುವುದಿಲ್ಲ. ಮೂರನೇ ವರ್ಷದಲ್ಲಿ ಯಾವತ್ತೋ ಹುಷಾರು ತಪ್ಪಿ ರಜೆ ಬೇಕಾದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಅವರ ಕೈಯಲ್ಲಿ ನಿಮ್ಮ ಸಹಿ ಇರುತ್ತದೆ. ಇನ್ನೊಂದು, ಪರೀಕ್ಷಿಸದೆ ನೂರು ರೂಪಾಯಿಗೆ ಸಹಿ ಹಾಕುವ ಕ್ಲಿನಿಕ್ಕಿಗೆ ಹೋಗಬೇಡಿ. ನಿಮ್ಮನ್ನು ಬಲ್ಲ ಡಾಕ್ಟರ್ ಹತ್ತಿರ ಮನೋವೈದ್ಯರ ಪತ್ರ ತೋರಿಸಿ ಸಹಿ ತಗೊಳ್ಳಿ. ಯಾರಾದರೂ ಮುಂದೆ ತಕರಾರು ಎತ್ತಿದರೆ ನಿಂತು ಮಾತಾಡುವುದು ಅವರೇ.

ಆರನೇ ಹೆಜ್ಜೆ: ಬೇಡ ಅಂದರೆ

ಜಗಳಕ್ಕೆ ಇಳಿಯಬೇಡಿ, ಅಳುತ್ತಾ ಬರಲೂ ಬೇಡಿ. "ಕಾರಣ ಬರೆದು ಕೊಡಿ ಸರ್" ಅನ್ನಿ. ಅರ್ಧ ಜನ ಇಲ್ಲೇ ದಾರಿಗೆ ಬರುತ್ತಾರೆ, ಬರೆದು ಕೊಡುವ ಧೈರ್ಯ ಯಾರಿಗೂ ಇಲ್ಲ. ಬರೆದು ಕೊಡದಿದ್ದರೆ ನೀವೇ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ. ಕೆಇಎ ಸೀಟಾದರೆ ಕೆಇಎಗೆ ಅವತ್ತೇ ಬರೆಯಿರಿ, ಸೇರುವ ಕೊನೇ ದಿನ ದಾಟಲು ಬಿಡಬೇಡಿ.

ಪತ್ರದಲ್ಲಿ ಎರಡು ಮಾತು ಬರೆದರೆ ಸಾಕು. 2017ರ ಕಾಯ್ದೆಯ 3ನೇ ಸೆಕ್ಷನ್ ಹೇಳುವುದು: ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರ ಬುದ್ಧಿ ಸ್ವಸ್ಥವಿಲ್ಲ ಅಂತ ತಿಳಿಯುವಂತಿಲ್ಲ, ಹಾಗೆ ಹೇಳಬೇಕಾದ್ದು ಕೋರ್ಟು. ಇನ್ನೊಂದು ನಿಮ್ಮ ವೈದ್ಯರ ಪತ್ರ. ವೈದ್ಯಕೀಯ ಪ್ರವೇಶದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ, ನ್ಯೂನತೆಯ ಶೇಕಡಾವಾರು ನೋಡಿ ತಳ್ಳಿಹಾಕಬೇಡಿ, ಆ ಅಭ್ಯರ್ಥಿಗೆ ಕೋರ್ಸು ಮಾಡಲು ಆಗುತ್ತದಾ ನೋಡಿ ಅಂತ ಹೇಳಿತು. ಅದು ಎಂಬಿಬಿಎಸ್ ಕೇಸು, ಆದರೂ ವಕೀಲರಿಗೆ ಹೇಳಲು ಒಳ್ಳೆಯ ಮಾತು. ವಕೀಲರಿಗೆ ದುಡ್ಡೆಲ್ಲಿ ಅನ್ನಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವಿದೆ. 15100ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಆದ ಮೇಲೂ ಆ ಕಾಲೇಜಿಗೇ ಹೋಗಬೇಕಾ ಅಂತ ಯೋಚಿಸಿ. ಮುಖ ಸಿಂಡರಿಸಿಕೊಂಡು ಸೇರಿಸಿಕೊಂಡವರ ಜೊತೆ ನಾಲ್ಕು ವರ್ಷ ಏಗಬೇಕು. ನಾನು ಬೇರೆ ಕಾಲೇಜು ನೋಡಿಕೊಂಡೆ.

ಏಳನೇ ಹೆಜ್ಜೆ: ಸೇರಿದ ಮೇಲೆ

ಹಾಸ್ಟೆಲ್ ಅಂದರೆ ಗೋಳಗುಮ್ಮಟ. ಒಂದು ಮೂಲೆಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ಮೂಲೆಯಲ್ಲಿ ಏಳು ಸಲ ಕೇಳುತ್ತದೆ. ಮೊದಲ ತಿಂಗಳು ಯಾರಿಗೂ ಹೇಳಬೇಡಿ. ಯಾವ ಮೇಡಂ ಹೇಗೆ ಅಂತ ನೋಡಿ. ಆಮೇಲೆ ಒಬ್ಬರಿಗೆ ಹೇಳಿ, ಕ್ಲಾಸ್ ಕೋಆರ್ಡಿನೇಟರ್ ಆದರೆ ಒಳ್ಳೆಯದು. ಕಾಯಿಲೆ ವರ್ಣಿಸುವ ಬದಲು ಏನು ಬೇಕು ಅಂತ ಹೇಳಿ: ಮೂರು ತಿಂಗಳಿಗೊಂದು ದಿನ ರಜೆ, ನೈಟ್ ಪೋಸ್ಟಿಂಗ್ ಮೊದಲೇ ಗೊತ್ತಾಗಬೇಕು. ರೂಮ್‌ಮೇಟ್ ಪೈಕಿ ಒಬ್ಬಳಿಗೆ ಮನೆಯವರ ನಂಬರ್ ಕೊಟ್ಟಿರಿ. ನನ್ನ ರೂಮ್‌ಮೇಟಿಗೆ ಹೇಳಿದ್ದು ಇಷ್ಟೇ, "ನಾ ಎರಡು ರಾತ್ರಿ ಮಲಗಲಿಲ್ಲ ಅಂದ್ರ ನಮ್ಮವ್ವಗ ಫೋನ್ ಹಚ್ಚು."

ರಜೆಯ ಲೆಕ್ಕ ಮೊದಲ ದಿನದಿಂದಲೇ ಇಡಿ. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ 100% ತುಂಬಿಕೊಡಬೇಕು. ಅಂದರೆ ಹುಷಾರಿಲ್ಲದೆ ತಪ್ಪಿಸಿಕೊಂಡ ವಾರ್ಡ್ ಡ್ಯೂಟಿ ಎಲ್ಲಿಗೂ ಹೋಗುವುದಿಲ್ಲ, ನಿಮಗಾಗಿ ಕಾಯುತ್ತಿರುತ್ತದೆ. ಸುಮ್ನೆ ಮದುವೆ ಜಾತ್ರೆಗೆ ರಜೆ ಹಾಕಬೇಡಿ, ಕಾಯಿಲೆಗೆ ಉಳಿಸಿಕೊಳ್ಳಿ.

ನೈಟ್ ಡ್ಯೂಟಿ ಬೈಪೋಲಾರ್ ಇದ್ದವರಿಗೆ ನಿಜವಾದ ಪರೀಕ್ಷೆ. ನಿದ್ದೆ ಕೆಟ್ಟರೆ ಮೇನಿಯಾ, ಅಂದರೆ ಮನಸ್ಸು ವಿಪರೀತ ಏರುವ ಸ್ಥಿತಿ, ಬಾಗಿಲು ತಟ್ಟುತ್ತದೆ. ಪೋಸ್ಟಿಂಗ್ ಬರುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ಬರೆಸಿಕೊಳ್ಳಿ. ಹಗಲು ಕಿಟಕಿಗೆ ದಪ್ಪ ಚಾದರ ಕಟ್ಟಿ ಮಲಗಿ. ಡ್ಯೂಟಿ ಮುಗಿಸಿ ಗೆಳತಿಯರ ಜೊತೆ ಪೇಟೆಗೆ ಹೋಗುವ ಚಟ ಬೇಡ.

ಬೈಪೋಲಾರಿಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ನಮ್ಮ ಕಡೆಯ ಬಿಸಿಲೇ ಶತ್ರು. ಫಸ್ಟ್ ಇಯರ್, ಏಪ್ರಿಲ್ ತಿಂಗಳು, ಹಳ್ಳಿ ಪೋಸ್ಟಿಂಗ್. 40 ಡಿಗ್ರಿ ಮೇಲೆ ಬಿಸಿಲು. ಮನೆಮನೆ ಸರ್ವೆಗೆ ಹೋದಾಗ ನೀರು ಕುಡಿದರೆ ಪಾಯಖಾನೆ ಎಲ್ಲಿ ಹುಡುಕುವುದು ಅಂತ ನೀರೇ ಕುಡಿಯುತ್ತಿರಲಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ಮೂರು ದಿನ ನುಂಗಿದೆ. ನಾಲ್ಕನೇ ದಿನ ಪೆನ್ನು ಹಿಡಿದರೆ ಅಕ್ಷರ ಕುಣಿಯುತ್ತಿತ್ತು. ವಾಂತಿ ಬಂತು, ನಡೆದರೆ ಕುಡಿದವರ ಹಾಗೆ ತೂರಾಟ. ರಕ್ತ ತೋರಿಸಿದರೆ ಲಿಥಿಯಂ 1.8 ಇತ್ತು. ಸಾಮಾನ್ಯವಾಗಿ 0.6ರಿಂದ 1ರೊಳಗೆ ಇಡುತ್ತಾರೆ, 1.5 ದಾಟಿದರೆ ವಿಷ. ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಸರಿಯಾಗಿ ಹೊರಗೆ ಹಾಕುವುದಿಲ್ಲ, ಐಬುಪ್ರೊಫೆನ್ ಜಾತಿಯ ಮಾತ್ರೆ ಅದನ್ನು ಇನ್ನೂ ತಡೆಯುತ್ತದೆ. ಅವತ್ತಿನಿಂದ ಬಾಟಲಿ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಬೇರೆ ಕಾಯಿಲೆಗೆ ತೋರಿಸುವಾಗಲೂ ಮೊದಲು ಹೇಳುವುದು ಲಿಥಿಯಂ ವಿಷಯವನ್ನೇ. ವಾಂತಿ ಭೇದಿ ಶುರುವಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಇನ್ನು ಲಿಥಿಯಂ ಸರಿಯಾಗಿದ್ದರೂ ಕೈ ಸಣ್ಣಗೆ ನಡುಗುವುದುಂಟು. ಇಂಜೆಕ್ಷನ್ ಲೋಡ್ ಮಾಡುವಾಗ ಮೊಣಕೈಯನ್ನು ಟ್ರಾಲಿಗೆ ಊರಿದರೆ ನಿಲ್ಲುತ್ತದೆ.

ಮಾತ್ರೆ ಟ್ರಂಕಿನಲ್ಲಿ ಬೀಗ ಹಾಕಿಡಿ, ಚೀಟಿಯ ಜೆರಾಕ್ಸ್ ಜೊತೆಗಿರಲಿ. ವಾರ್ಡನ್ ತಪಾಸಣೆಗೆ ಬಂದಾಗ ಚೀಟಿ ಇಲ್ಲದ ಮಾತ್ರೆಯೇ ತಲೆನೋವು. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ, ಮಧ್ಯರಾತ್ರಿಯಾದರೂ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೊತೆಗೆ ಪಕ್ಕದ ಹಾಸಿಗೆಯವಳನ್ನೂ ಎಬ್ಬಿಸಿ.

ಮೂರನೇ ವರ್ಷ ಮೆಂಟಲ್ ಹೆಲ್ತ್ ನರ್ಸಿಂಗ್ ಬರುತ್ತದೆ. ಅದರ ಪೋಸ್ಟಿಂಗಿಗೆ ನಮ್ಮ ಕಡೆಯ ಎಷ್ಟೋ ಕಾಲೇಜಿನವರು ಧಾರವಾಡಕ್ಕೇ ಕಳಿಸುತ್ತಾರೆ. ಅದಕ್ಕೆ ಒಂದು ವಾರ ಮೊದಲೇ ನಿಮ್ಮ ಡಾಕ್ಟರಿಗೆ ತಿಳಿಸಿ, ವಾರ್ಡಿನಲ್ಲಿ ಸಿಕ್ಕರೆ ಗುರುತಿದ್ದ ಹಾಗೆ ಮಾತಾಡಿಸಬೇಕಾ ಬೇಡವಾ ಅಂತ. ನನಗೆ ಹೇಳಲು ಮರೆತಿತ್ತು. ಇಪ್ಪತ್ತು ಹುಡುಗಿಯರ ನಡುವೆ ರೌಂಡ್ಸಿನಲ್ಲಿ ನಿಂತಿದ್ದೆ. ಡಾಕ್ಟರ್ ನನ್ನನ್ನೇ ಒಂದು ಕ್ಷಣ ನೋಡಿ, "ಸಿಸ್ಟರ್, ಈ ಪೇಶಂಟ್‌ದು ಲಿಥಿಯಂ ಲೆವೆಲ್ ಯಾವಾಗ ತಗೋಬೇಕು?" ಅಂತ ಕೇಳಿದರು. ಕೊನೇ ಮಾತ್ರೆ ತಗೊಂಡು 12 ತಾಸಿಗೆ ಸರ್, ಅಂದೆ.